ಯಾರ ಒಲೆಯ ಅಕ್ಕಿ

ಬೋಳಾರದ ದೇಯಿ ಯಾರನ್ನೂ ಸುಲಭದಲ್ಲಿ ನಂಬುವ ಹೆಂಗಸಲ್ಲ. ಕಿವಿರು ಬಿಡಿಸಿ ನೋಡದೆ ಒಂದು ಮೀನನ್ನೂ ಬುಟ್ಟಿಗೆ ಹಾಕಿದವಳಲ್ಲ. ಇನ್ನು ಸರ್ಕಾರವೆಂದರೆ ಕೇಳಬೇಕೆ! ಅದಕ್ಕೆ ಬಿಡಿಸಿ ನೋಡಲು ಕಿವಿರೂ ಇಲ್ಲ.

ಅದು ಸಾವಿರದ ಒಂಬೈನೂರ ಮೂವತ್ತೆರಡನೆಯ ಇಸವಿ. ದೇಶದ ವ್ಯಾಪಾರವೆಲ್ಲ ಮುಗ್ಗರಿಸಿ ಹಂಚು ಕೇಳುವವರೇ ಇಲ್ಲವಾಗಿದ್ದರು. ದೇಯಿ ಹದಿನಾಲ್ಕು ವರ್ಷ ಹಸಿ ಹಂಚು ಹೊತ್ತಿದ್ದ ಕಾರ್ಖಾನೆಯ ಬೆಂಕಿ ಆರಿತು. ಅಲ್ಲಿಯೇ ಮಣ್ಣು ಹದ ಮಾಡುತ್ತಿದ್ದ ಗಂಡ ಮಾಯಿಲಪ್ಪನೂ ಅದೇ ದಿನ ಹೊರಬಿದ್ದ. ಮೂರು ತಿಂಗಳು ಗೆಣಸು, ಸೊಪ್ಪು ಬೇಯಿಸಿ ತಿಂದದ್ದಾಯಿತು. ಆಮೇಲೆ ಸರ್ಕಾರ ಕೊಡಿಯಾಲ್‌ಬೈಲಿನಲ್ಲಿ ರಸ್ತೆಗೆ ಜಲ್ಲಿ ಒಡೆಯುವ ಕೆಲಸ ತೆರೆಯಿತು. ಸಂಜೆಗೆ ಕೂಲಿ ಒಂದು ಸೇರು ಅಕ್ಕಿ, ಕೆಲಸ ಮನೆಗೆ ಒಬ್ಬರಿಗೆ ಮಾತ್ರ.

“ಹೆಬ್ಬೆಟ್ಟು ಒತ್ತಿಸಿ ಸಿಲೋನಿಗೆ ಸಾಗಿಸ್ತಾರಂತೆ,” ಎಂದು ನೆರೆಮನೆಯ ಸುಂದರಿ ಹೆದರಿಸಿದ್ದಳು. ಹೆಸರು ಬರೆಸುವಾಗ ಕೊಟ್ಟ ಕಾಗದವನ್ನು ದೇಯಿ ತಿರುವಿ ಮುರುವಿ ನೋಡಿದಳು. ಓದು ಬಾರದಿದ್ದರೇನು, ಹಡಗಿನ ಚಿತ್ರವಿದ್ದರೆ ಗೊತ್ತಾಗುತ್ತದಲ್ಲ!

ಮನೆಯ ಯಜಮಾನ ಯಾರೆಂದು ಗುಮಾಸ್ತ ಕೇಳಿದಾಗ ಅವಳು ಕಾಲು ಸೋತು ಕೂತಿದ್ದ ಅಣ್ಣ ನೋಣಯ್ಯನ ಹೆಸರು ಹೇಳಿದಳು. ಮಾಯಿಲಪ್ಪ ಉಳ್ಳಾಲದ ತನ್ನ ಸೋದರಮಾವನ ಹೆಸರು ಹೇಳಿದ. ಅಳಿಯಕಟ್ಟಿನವರಿಗೆ ಮನೆಯೆಂದರೆ ತಾಯಿಯ ಮನೆಯೇ, ಗಂಡಸಿಗೆ ವಾರಸುದಾರರೆಂದರೆ ಅಕ್ಕತಂಗಿಯರ ಮಕ್ಕಳೇ. ಗುಮಾಸ್ತ ಈ ಊರಿನವನು. ಎರಡು ಮನೆ ಎಂದು ಬರೆದುಕೊಂಡ. ಮಾಯಿಲಪ್ಪ ದಿನವೂ ಕೆಲಸ ಮುಗಿಸಿ ಹೊಳೆ ದಾಟಿ ಉಳ್ಳಾಲಕ್ಕೆ, ತಾಯಿ, ತಂಗಿ ಕುಶಲಾ ಇದ್ದ ಮನೆಗೆ ಹೋಗುತ್ತಿದ್ದ. ಶನಿವಾರ ಮಾತ್ರ ಅಕ್ಕಿಯ ಗಂಟು ಹಿಡಿದು ಹೆಂಡತಿಯಲ್ಲಿಗೆ ಬರುತ್ತಿದ್ದ. “ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ” ಎನ್ನುತ್ತಿದ್ದ.

ಯಾರೋ ಅರ್ಜಿ ಹಾಕಿದರು: ಗಂಡ ಹೆಂಡತಿ ಸೇರಿ ಸರ್ಕಾರಕ್ಕೆ ಮೋಸ ಮಾಡುತ್ತಿದ್ದಾರೆ ಎಂದು. ದೇಯಿಗೆ ಸುಂದರಿಯ ಮೇಲೇ ಗುಮಾನಿ. ಒಂದು ಭಾನುವಾರ ತನಿಖೆಗೆ ಬಳ್ಳಾರಿ ಕಡೆಯ ಇನ್ಸ್‌ಪೆಕ್ಟರು ಬಂದೇಬಿಟ್ಟರು. ಮಾಯಿಲಪ್ಪ ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದ.

“ಇವನು ಯಾರು?”

“ನನ್ನ ಗಂಡ, ಧಣಿ.”

“ಅಂದ್ರೆ ಇದು ಅವನ ಮನೆ.”

“ಅಲ್ಲ ಧಣಿ, ನನ್ನ ಅಮ್ಮನದ್ದು. ಇವರು ಬಂದವರು, ನಾಳೆ ಹೋಗ್ತಾರೆ.”

“ಗಂಡ ಅಂದ್ರೆ ನೆಂಟನೇನಮ್ಮ?”

ಬೇಲಿಯಾಚೆಯಿಂದ ಸುಂದರಿ ಕೂಗಿದಳು: “ಹದಿನೈದು ವರ್ಷದ ನೆಂಟ ಧಣಿ, ಮೂರು ಮಕ್ಕಳೂ ಉಂಟು!”

ಇನ್ಸ್‌ಪೆಕ್ಟರು ನಗಲಿಲ್ಲ. ಪೆನ್ನು ತೆಗೆದು ಮಾಯಿಲಪ್ಪನ ಕಡೆ ತಿರುಗಿದರು. “ನಿಜ ಹೇಳು. ನಿನ್ನ ಅಕ್ಕಿ ಯಾರ ಒಲೆ ಮೇಲೆ ಬೇಯುತ್ತೆ? ಇಲ್ಲಿ ಅಂದ್ರೆ ಇವಳ ಹೆಸರು ಈಗಲೇ ಹೊಡೆದು ಹಾಕ್ತೀನಿ.”

ದೇಯಿಯ ಅಕ್ಕಿ ಹೋದರೆ ಅಣ್ಣನಿಗೂ ಮಕ್ಕಳಿಗೂ ಮತ್ತೆ ಗೆಣಸೇ ಗತಿ. ಗಂಡ ಬಟ್ಟಲಿನಲ್ಲಿ ಉಣ್ಣುತ್ತಿದ್ದದ್ದೂ ಅವನು ನಿನ್ನೆ ತಂದ ಅಕ್ಕಿಯನ್ನೇ.

ಮಾಯಿಲಪ್ಪ ಕೈ ತೊಳೆದು ಎದ್ದು ನಿಂತ. “ಒಂದು ಕಾಳೂ ಇಲ್ಲಿಗೆ ಬರುವುದಿಲ್ಲ ಧಣಿ. ಎಲ್ಲ ನನ್ನ ತಂಗಿಯ ಮಕ್ಕಳಿಗೆ.”

“ಸ್ವಂತ ಮಕ್ಕಳನ್ನ ಬಿಟ್ಟು?”

“ನಮ್ಮ ಕಟ್ಟು ಹಾಗೆ.” ರೆಪ್ಪೆ ಕೂಡ ಅಲುಗಲಿಲ್ಲ.

ಇನ್ಸ್‌ಪೆಕ್ಟರು ಅವನನ್ನು ಹೊಲಸು ಕಂಡಂತೆ ನೋಡಿ ಪೆನ್ನು ಮುಚ್ಚಿದರು. ಎರಡು ಹೆಸರೂ ಉಳಿದವು.

ಅವರ ಬೂಟಿನ ಸದ್ದು ದೂರವಾದ ಮೇಲೂ ದೇಯಿ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ.

“ನೀವು ಎಷ್ಟು ಚಂದ ಸುಳ್ಳು ಹೇಳ್ತೀರಿ!”

“ನಿನ್ನ ಕೆಲಸ ಉಳಿಯಿತಲ್ಲ, ಮತ್ತೆಂತ?”

“ಉಳಿಯಿತು.” ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಪ್ರತಿ ಶನಿವಾರ ತನಗೆ ಹೇಳುತ್ತಿದ್ದದ್ದು ನಿಜವೇ? ಅವನ ‘ಅರ್ಧ’ ಯಾವ ಅಳತೆಯದು?

ಮರುದಿನ ಜಲ್ಲಿ ಒಡೆದಳು, ಅದರ ಮರುದಿನವೂ ಒಡೆದಳು. ಕಲ್ಲಿಗೆ ಬಿದ್ದ ಒಂದೊಂದು ಪೆಟ್ಟಿಗೂ ಅದೇ ಪ್ರಶ್ನೆ. ಮುಂದಿನ ಭಾನುವಾರ ಗಂಡ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿರುವಾಗಲೇ ಸೆರಗು ಬಿಗಿದು ಹೊಳೆ ದಾಟಿಸುವ ಕಡವಿಗೆ ನಡೆದಳು.

“ಎಂತ ದೇಯಕ್ಕ, ನಾದಿನಿ ಮನೆಗಾ? ಗಂಡನನ್ನು ಬಿಟ್ಟು?” ಎಂದ ದೋಣಿಯ ಮೊಯ್ದೀನಬ್ಬ.

“ಇನ್ಸ್‌ಪೆಕ್ಟರು ಒಂದೇ ಮನೆ ನೋಡಿ ಹೋದ್ರು ಮಾರಾಯ,” ಎನ್ನುತ್ತ ದೇಯಿ ದೋಣಿ ಹತ್ತಿದಳು. “ಇನ್ನೊಂದನ್ನು ನಾನೇ ನೋಡಿ ಬರ್ತೇನೆ.”