ನನ್ನ ಹಲ್ಲಿಯನ್ನು ಸಾಕಿದ ವೈನಿ

ವೈನಿಯ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಮೊಣಕಾಲು ನೋವಿಗೆಂದು ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಗುಳಿಗೆಯಲ್ಲಿ ಅರ್ಧ ತಾವು ನುಂಗಿ, ಉಳಿದರ್ಧ ಪುಡಿ ಮಾಡಿ, ಹುಳುಗಳಿಗೆ ಸವರಿ ನನ್ನ ಹಲ್ಲಿಗೆ ತಿನ್ನಿಸುತ್ತಿದ್ದರು.

ಧನಕವಡಿಯ ಅವರ ಮನೆಯ ಮಾಳಿಗೆ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ತೊಂಬತ್ತರ ದಶಕದ ಕೊನೆ, ನನ್ನ ಕಾಲೇಜಿನ ಕೊನೆಯ ವರ್ಷ. ಅವರು ಕಲಬುರ್ಗಿ ಕಡೆಯವರು, ಓಣಿಗೆಲ್ಲ ವೈನಿ, ಅಂದರೆ ಅತ್ತಿಗೆ. ಬಣ್ಣದ ಮೀನು ಮಾರುವ ಮರಾಠಿ ಅಂಗಡಿಯವನೊಬ್ಬ ಹಳದಿ ಮೈಯ, ಕಪ್ಪು ಚುಕ್ಕೆಯ ವಿದೇಶಿ ಹಲ್ಲಿಯನ್ನು ತೋರಿಸಿ, "ದೋನ್ ವರ್ಷ ಜಗತೇ, ಬಸ್" ಅಂದ. ಬದುಕುವುದು ಎರಡೇ ವರ್ಷ ತಾನೇ ಎಂದು ಕೊಂಡುಬಿಟ್ಟೆ.

ಮೊದಲು ಕಂಡಾಗ ವೈನಿ ಚೀರಿದರು. "ಗ್ವಾಡಿ ಮ್ಯಾಲಿನವು ಸಾಲಲಿಲ್ಲಂತ ರೊಕ್ಕ ಕೊಟ್ಟು ತಂದೀಯೇನೋ?"

ನಾಲ್ಕನೇ ದಿನ ಗೆಳೆಯರಿಗೆ ತೋರಿಸಲು ಹೋಗಿ ಅದರ ಬಾಲ ಹಿಡಿದೆ. ಬಾಲ ಕಳಚಿ ನನ್ನ ಬೆರಳಲ್ಲೇ ಉಳಿದು ಮಿಸುಕಾಡಿತು. ಪಶುವೈದ್ಯರ ಬಳಿ ಓಡಿದರೆ, ನಾಯಿ ಬೆಕ್ಕು ಇದ್ದರೆ ತಾ ಎಂದು ನಕ್ಕು ಕಳಿಸಿದರು. ಏನು ಮಾಡಬೇಕೆಂದು ಹೇಳುವವರೇ ಇಲ್ಲ. ಆಗ ವೈನಿಯೇ ಹಿಂದಿನ ಓಣಿಯ ಪ್ರಾಣಿಶಾಸ್ತ್ರದ ಪ್ರೊಫೆಸರರನ್ನು ಕೇಳಿಕೊಂಡು ಬಂದು ನನ್ನೆದುರು ನಿಂತರು.

"ಬಾಲದಾಗ ಅದರ ಬುತ್ತಿ ಇರ್ತದಂತ. ಅದನ್ನ ಕಿತ್ತಿ ನೀ. ಪೆಟ್ಟಿಗ್ಯಾಗ ಒಂದು ಮೂಲಿ ಬೆಚ್ಚಗಿರಬೇಕು, ಒಂದು ತಂಪಿರಬೇಕು, ಅಡಗಲಿಕ್ಕೆ ಗೂಡು ಬೇಕು. ನಿನ್ನ ಕೈ ಮಾತ್ರ ಬ್ಯಾಡ." ಮೆಟ್ಟಿಲಿಳಿಯುತ್ತ ತಿರುಗಿ ಅಂದರು: "ಎರಡು ವರ್ಷ ಅಲ್ಲಂತೋ. ಛಲೋ ನೋಡಿಕೊಂಡ್ರ ಹದಿನೈದು, ಇಪ್ಪತ್ತು ವರ್ಷ ಬದುಕ್ತದಂತ!"

ಆಮೇಲೆ ನನ್ನ ಮಾತೇ ನಡೆಯಲಿಲ್ಲ. ಹಳೆಯ ಹಿಟ್ಟಿನ ಡಬ್ಬಿಯಲ್ಲಿ ಗೋಧಿ ತೌಡು ಹಾಕಿ ಹುಳು ಬೆಳೆಸಿದರು. ಚಳಿಗಾಲದಲ್ಲಿ ಕರೆಂಟು ಹೋಗಿ, ಪೆಟ್ಟಿಗೆಯನ್ನು ಬೆಚ್ಚಗಿಡುವ ಬಲ್ಬು ಆರಿದರೆ, ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿ ಗಾಜಿಗೆ ಆನಿಸಿಡುತ್ತಿದ್ದರು. ನಾನು ಮುಚ್ಚಳ ತೆಗೆದರೆ ಗದರುತ್ತಿದ್ದರು. ನನ್ನ ಹಲ್ಲಿಯನ್ನು ನಾನೇ ಮುಟ್ಟಬಾರದೇ ಎಂದು ರೇಗಿಹೋಗುತ್ತಿತ್ತು. ಬಾಲ ಮಾತ್ರ ಮತ್ತೆ ಬಂತು, ಗಡ್ಡೆಯ ಹಾಗೆ ಮೊಂಡಾಗಿ.

ತಳೇಗಾಂವದಲ್ಲಿ ನೌಕರಿ ಸಿಕ್ಕಿತು. ಎರಡು ತಿಂಗಳಲ್ಲಿ ಒಯ್ಯುತ್ತೇನೆಂದು ಹೇಳಿ ಹೋದವನು ಒಂಬತ್ತು ವರ್ಷ ಒಯ್ಯಲಿಲ್ಲ. ತಿಂಗಳಿಗೊಮ್ಮೆ ಫೋನು ಬರುತ್ತಿತ್ತು: "ತಮ್ಮಾ, ಯಾವಾಗ ಬರ್ತಿ? ಹಲ್ಲಿ ನಿಂದು, ನಂದಲ್ಲ." ಬರುವ ರವಿವಾರ, ಅನ್ನುತ್ತಿದ್ದೆ. ಅದೇ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ಕೊನೆಕೊನೆಗೆ ನಂಬರು ಕಂಡರೆ ಎತ್ತುತ್ತಲೇ ಇರಲಿಲ್ಲ.

ವೈನಿ ತೀರಿಕೊಂಡ ಮೇಲೆ ಹೋದೆ. ಅವರ ಮಗಳು ಗಾಜಿನ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟಳು. ಹಲ್ಲಿ ದುಂಡಗಿತ್ತು.

"ತನಗಿಂತ ಇದು ಹೆಚ್ಚು ದಿನ ಇರ್ತದಂತ ಅವ್ವಗ ಗೊತ್ತಿತ್ರಿ. ಇದು ಹೊಸಬರಿಗೆ ಲಗೂ ಹೊಂದಂಗಿಲ್ಲ, ನಾ ಇರೋದ್ರಾಗ ಅಂವ ಬಂದು ಕಲೀಲಿ, ಅಂತಿದ್ಲು. ಅದಕ್ಕ ಅಷ್ಟು ಫೋನ್ ಮಾಡ್ತಿದ್ಲು."

ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿದೆ.

ಹನ್ನೊಂದು ದಿನ ಅದು ಏನನ್ನೂ ತಿನ್ನಲಿಲ್ಲ. ಸಂಜೆ ಕೆಲಸದಿಂದ ಬಂದು, ಚಿಮಟಿಗೆಯಲ್ಲಿ ಹುಳು ಹಿಡಿದು ಅದರ ಮುಂದೆ ಕೂರುತ್ತಿದ್ದೆ. ಅದು ಒಮ್ಮೆ ನನ್ನನ್ನು ನೋಡಿ ಗೂಡಿನೊಳಗೆ ಸರಿದುಹೋಗುತ್ತಿತ್ತು. ನನಗೆ ಬರುತ್ತಿದ್ದ ಸಿಟ್ಟು ಹಲ್ಲಿಯ ಮೇಲಲ್ಲ, ಫೋನು ಎತ್ತದ ನನ್ನ ಮೇಲೆಯೇ ಎಂದು ಗೊತ್ತಿತ್ತು. ಹುಳು ಹಿಡಿದೇ ಕೂತಿರುತ್ತಿದ್ದೆ.