ಘಟಸರ್ಪವನ್ನು ಕೊಲ್ಲದ ಮಧ್ಯಾಹ್ನ

ಬಬಲೇಶ್ವರದ ಆ ಹತ್ತಿ ಗೋದಾಮಿಗೆ ಇದ್ದದ್ದು ಒಂದೇ ಬಾಗಿಲು. ಎಷ್ಟೋ ವರ್ಷಗಳಾದವು. ಈಗಲೂ ಕೆಲವು ದಿನ ಕೆಲಸದ ನಡುವೆ ಕೈ ನಿಂತುಬಿಡುತ್ತದೆ. ಹೆಂಗಸರು ಒಬ್ಬರ ಹಿಂದೊಬ್ಬರು ಆ ಬಾಗಿಲು ದಾಟುವುದು ಕಾಣುತ್ತದೆ. ಕೊನೆಯವಳು ಹೊಸ್ತಿಲು ದಾಟುವವರೆಗೂ ನಾನು ಉಸಿರು ಬಿಡುವುದಿಲ್ಲ.

ನಲವತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಮುಗಿಸಿ ವಿಜಾಪುರದ ಜೋರಾಪುರ ಪೇಟೆಯಲ್ಲಿ ಅಜ್ಜಿಯ ಮನೆಯಲ್ಲಿದ್ದೆ. ಊರಲ್ಲಿ ಮಾತಾಡುವ ಸಿನೆಮಾ ಬಂದು ಹಳೆಯದಾಗಿತ್ತು. ನನ್ನ ಸೋದರಮಾವ ಮಾತ್ರ ಯಾರಿಗೂ ಬೇಡವಾಗಿದ್ದ ಒಂದು ಮೂಕಿ ಚಿತ್ರವನ್ನೂ ಕೈಯಿಂದ ತಿರುಗಿಸುವ ಯಂತ್ರವನ್ನೂ ಕೊಂಡು ಹಳ್ಳಿಗಳಲ್ಲಿ ತೋರಿಸುತ್ತಿದ್ದ. ಚಿತ್ರದ ನಡುನಡುವೆ ಮರಾಠಿ ಬರಹ ಬರುತ್ತಿತ್ತು. ಅದನ್ನು ಯಾರಾದರೂ ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಬೇಕು. ಗಂಡಸರ ಆಟಕ್ಕೆ ಮಾವನೇ ಹೇಳುತ್ತಿದ್ದ. ಹೆಂಗಸರಿಗೆಂದೇ ಮಧ್ಯಾಹ್ನ ಬೇರೆ ಆಟ ಇಡಲು ಹೊರಟಾಗ ನನ್ನನ್ನು ಕರೆದ.

ಅಜ್ಜಿ ಸಿಟ್ಟಾದಳು. "ಮನಿ ಹುಡಿಗಿ ಊರೂರು ಅಡ್ಡ್ಯಾಡಿ ಒದರೂದಂದ್ರ ಏನಲೇ? ನಾಳೆ ಯಾರ ಮಾಡಿಕೊಳ್ತಾರ ಇಕಿನ್ನ?"

"ಒದರೂದಲ್ಲ ಬೇ, ಓದೂದು," ಎಂದ ಮಾವ. "ಇಷ್ಟ ಓದಸೀದಿ, ಯಾರಿಗೂ ಕೇಳಸಬಾರದೇನು?"

ನಾನು ಒಪ್ಪಿದ್ದು ಚಿತ್ರವನ್ನು ನೋಡಿದ ಮೇಲೆ. ಕಥೆ ಇಷ್ಟೇ. ಒಬ್ಬ ಮಾಂತ್ರಿಕ, ಊರಿನ ಮೆಟ್ಟಿಲುಬಾವಿಯ ತಳದಲ್ಲಿ ರೆಕ್ಕೆಗಳುಳ್ಳ ಘಟಸರ್ಪವನ್ನು ಸರಪಳಿಯಿಂದ ಕಟ್ಟಿದ್ದಾನೆ. ಊರಿನ ನೀರೆಲ್ಲ ಅದರ ಹೊಟ್ಟೆ ಸೇರುತ್ತಿದೆ. ನೀರು ಹೊರುವ ಹೆಂಗಸೊಬ್ಬಳು ಖಾಲಿ ಕೊಡ ಹೊತ್ತು ಮೆಟ್ಟಿಲಿಳಿದು ಹೋಗುತ್ತಾಳೆ. ಬಿದಿರು ಮತ್ತು ಬಟ್ಟೆಯಿಂದ ಮಾಡಿದ ಘಟಸರ್ಪ ಅದು. ಬಲಗಣ್ಣಿನ ರೆಪ್ಪೆ ಎಡಗಣ್ಣಿಗಿಂತ ತುಸು ತಡವಾಗಿ ಮುಚ್ಚುತ್ತಿತ್ತು, ಒಂದೆರಡು ಕಡೆ ರೆಕ್ಕೆಯ ದಾರವೂ ಕಾಣುತ್ತಿತ್ತು. ಆದರೂ ಅವಳು ಅದರ ಮೂಗಿನ ಮೇಲೆ ಕೈಯಿಟ್ಟಾಗ ಅದು ದೊಡ್ಡದೊಂದು ಎಮ್ಮೆಯ ಹಾಗೆ ಉಸಿರು ಬಿಟ್ಟು ತಲೆ ಬಾಗಿಸುತ್ತಿತ್ತು. ಆ ಒಂದು ಗಳಿಗೆಗಾಗಿ ಎಷ್ಟು ಸಲ ಬೇಕಾದರೂ ನೋಡಬಹುದಿತ್ತು. ಒಳಗೆ ಕೂತು ಆ ಕತ್ತನ್ನು ಬಾಗಿಸಿದ ಮನುಷ್ಯ ಎಂದೋ ಒಮ್ಮೆ ದನಗಳ ಜೊತೆ ಬಾಳಿದವನೇ ಇರಬೇಕು.

ಮಾಂತ್ರಿಕ ಚಪ್ಪಾಳೆ ತಟ್ಟಿದರೆ ಮನುಷ್ಯರು ಮಾಯವಾಗುತ್ತಿದ್ದರು. ಅದು ಹೇಗೆಂದು ಯಂತ್ರ ತಿರುಗಿಸುವ ಕಾಕಾ ನನಗೆ ಬಿಡಿಸಿ ಹೇಳಿದ್ದರು. ಚಿತ್ರ ತೆಗೆಯುವಾಗ ಕ್ಯಾಮೆರಾ ನಿಲ್ಲಿಸಿ, ನಟರನ್ನು ಆಚೆ ಕಳಿಸಿ, ಮತ್ತೆ ತಿರುಗಿಸುತ್ತಾರಂತೆ. "ಅಲ್ಲಿ ನಿಲ್ಲಸಿದ್ರ ಮಾಯಾ. ಇಲ್ಲಿ ನಾ ನಿಲ್ಲಸಿದ್ರ ಬೆಂಕಿ," ಎಂದು ನಕ್ಕಿದ್ದರು. ದೀಪದ ಬಿಸಿಗೆ ಫಿಲ್ಮ್ ಒಂದೇ ಕಡೆ ನಿಂತರೆ ಉರಿದುಹೋಗುತ್ತದೆ. ನಿಲ್ಲಿಸಲೇಬೇಕೆಂದರೆ ಮೊದಲು ದೀಪಕ್ಕೆ ತಗಡಿನ ಮುಚ್ಚಳ ಬಿಡಬೇಕು. ಇದು ನನಗೆ ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಚಿತ್ರದಲ್ಲಿ ನನಗೆ ಸೇರದಿದ್ದದ್ದು ಕೊನೆಯ ಭಾಗ. ಎಲ್ಲಿಂದಲೋ ರಾಜಕುಮಾರನೊಬ್ಬ ಬಂದು, ಅವಳ ಕೈಗೆ ಆಗಲೇ ಒಲಿದಿದ್ದ ಪ್ರಾಣಿಯನ್ನು ಭರ್ಚಿಯಿಂದ ಕೊಲ್ಲುತ್ತಾನೆ. ತಿಕೋಟಾದಲ್ಲಿ ಮೂರು ಆಟ ನಡೆದವು. ಹೆಂಗಸರು ಅದನ್ನೂ ನೋಡಿ ಸುಮ್ಮನೆ ಎದ್ದು ಹೋದರು. ಬಬಲೇಶ್ವರಕ್ಕೆ ನಾವು ಹೋದದ್ದು ನಾಗರಪಂಚಮಿಯ ಮರುದಿನ. ಅದು ಎಷ್ಟು ದೊಡ್ಡ ತಪ್ಪೆಂದು ಮಾವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗೋದಾಮಿನ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲೆ ಮಾಡಿದ್ದರು. ಒಂದು ಕೊನೆಗೆ ಪರದೆ, ಅದರ ಪಕ್ಕದಲ್ಲಿ ನಾನು. ಇನ್ನೊಂದು ಕೊನೆಗೆ ತಗಡಿನ ಮರೆಯ ಹಿಂದೆ ಕಾಕಾ ಮತ್ತು ಯಂತ್ರ. ಬಾಗಿಲು ಪಕ್ಕದ ಗೋಡೆಯಲ್ಲಿ, ನಡುವೆ. ಮೂಲೆಯಲ್ಲಿ ಮಾರಾಟವಾಗದೆ ಉಳಿದ ಹತ್ತಿಯ ಅಂಡಿಗೆಗಳು. ನೂರಕ್ಕೂ ಮಿಕ್ಕಿ ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು, ಮಡಿಲಲ್ಲಿ ಹಬ್ಬದ ಅಳ್ಳು, ಉಂಡಿ ಇಟ್ಟುಕೊಂಡು ಕೂತಿದ್ದರು. ಘಟಸರ್ಪ ಕಂಡದ್ದೇ ತಡ, ಎಲ್ಲರೂ ಕೈಮುಗಿದರು. ಅದು ಅವರಿಗೆ ನಾಗಪ್ಪ. ನಿನ್ನೆಯಷ್ಟೇ ಹಾಲೆರೆದು ಬಂದಿದ್ದರು.

ರಾಜಕುಮಾರ ಭರ್ಚಿ ಎತ್ತಿದ. ಗೋದಾಮೇ ಎದ್ದು ನಿಂತಂತಾಯಿತು.

"ಯವ್ವಾ, ನಾಗಪ್ಪಗ ಹೊಡೀತಾನ!"

"ಪಂಚಮ್ಯಾಗ ಇದನ್ನ ನೋಡಬೇಕೇನು? ನಿಲ್ಲಸ್ರೇ!"

"ಏ ಅಕ್ಕಾರ, ಹೇಳ್ರಿ ಅವಂಗ! ಬ್ಯಾಡ ಅನ್ರಿ!"

ನನಗೂ ಅದು ಬೇಡವಾಗಿತ್ತು. ಅದಕ್ಕೇ ಇರಬೇಕು, ಒಂದು ಕ್ಷಣವೂ ಯೋಚಿಸದೆ ಕೂಗಿಬಿಟ್ಟೆ: "ಕಾಕಾ, ನಿಲ್ಲಸ್ರಿ!"

ನೂರು ದನಿಗಳ ನಡುವೆ ನನ್ನ ದನಿ ಕೇಳಿ ಅವರು ಬೆಚ್ಚಿದರು. ಕೈ ನಿಂತಿತು, ಮುಚ್ಚಳ ಬೀಳಲಿಲ್ಲ.

ಪರದೆಯ ಮೇಲೆ ಘಟಸರ್ಪ ಅಲ್ಲಾಡದೆ ನಿಂತಿತು. ಅದರ ಎದೆಯಲ್ಲಿ ಕಂದು ಬಣ್ಣದ ಚುಕ್ಕೆಯೊಂದು ಎದ್ದು, ಗುಳ್ಳೆಯಾಗಿ, ಒಡೆದು, ಸುತ್ತಲೂ ಹರಿಯಿತು. ರಾಜಕುಮಾರನನ್ನೂ ಭರ್ಚಿಯನ್ನೂ ನುಂಗಿತು. ಹೆಂಗಸರು "ಹೋ" ಎಂದರು. ನಾಗಪ್ಪ ಬೆಂಕಿ ಉಗುಳಿ ವೈರಿಯನ್ನು ಸುಟ್ಟನೆಂದು ಅವರು ತಿಳಿದರು. ಯಾರೂ ಹೊರಡಲಿಲ್ಲ, ಕೆಲವರು ಹಣೆ ನೆಲಕ್ಕೆ ಹಚ್ಚಿದರು. ಅವರ ಬೆನ್ನ ಹಿಂದೆ ತಗಡಿನ ಮರೆಯ ಮೇಲಿಂದ ಹಳದಿ ಹೊಗೆ ಏಳುವುದು ಅವರತ್ತ ಮುಖ ಮಾಡಿ ನಿಂತ ನನ್ನೊಬ್ಬಳಿಗೇ ಕಾಣುತ್ತಿತ್ತು.

ಬೆಂಕಿ ಎಂದು ಕೂಗಿದರೆ ಆ ಒಂದು ಬಾಗಿಲಲ್ಲಿ ಕೂಸುಗಳು ಕಾಲ್ತುಳಿತಕ್ಕೆ ಸಿಗುತ್ತವೆ. ಕೂಗದಿದ್ದರೆ ಹತ್ತಿಗೆ ಉರಿ ತಗಲುತ್ತದೆ. ಕಡೆಗೆ, ಬರಹ ಓದುವ ದನಿಯಲ್ಲೇ ಶುರು ಮಾಡಿದೆ.

"ನಾಗಪ್ಪನ ಸರಪಳಿ ಹರೀತು. ಈಗ ಅಂವಾ ಬಾವಿ ಬಿಟ್ಟು ಹೊರಗ ಹೊಂಟಾನ. ಊರ ಹೆಣ್ಣಮಕ್ಕಳೆಲ್ಲಾ ಅವನ್ನ ಕಳಸಾಕ ಹೊರಗ ಬರಬೇಕಂತ. ಸಪ್ಪಳ ಮಾಡಬಾರದು, ಓಡಬಾರದು. ಕೂಸಿನ ತಾಯಂದ್ರು ಮೊದಲ."

ಮುಂದಿನ ಸಾಲಿನ ಒಬ್ಬ ಮುದುಕಿ ಮೂಗು ಅರಳಿಸಿ, ಕತ್ತು ತಿರುಗಿಸಿ ಹಿಂದೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಮೊಣಕಾಲು ಹಿಡಿದುಕೊಂಡು ಎದ್ದಳು.

"ಏಳ್ರೇ! ಅಕ್ಕಾರ ಹೇಳಿದ್ದ ಕೇಳಸಲಿಲ್ಲೇನು? ನಾಗಪ್ಪ ನಿಮಗಾಗಿ ಕಾಯಬೇಕೇನು? ಲೇ, ಉಂಡಿ ಆಮ್ಯಾಲೆ ತಿನ್ನಾಕಂತಿ, ನಡಿ!"

ಅವಳು ಹೊರಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬೆನ್ನ ಮೇಲೆ ಕೈಯಿಟ್ಟು ದಾಟಿಸಿದಳು. ನಾನು ಮಾತು ನಿಲ್ಲಿಸಲಿಲ್ಲ. ಏನು ಹೇಳಿದೆನೋ ಈಗ ಪೂರ್ತಿ ನೆನಪಿಲ್ಲ: ರೆಕ್ಕೆ ಬಿಚ್ಚಿತು, ಮೆಟ್ಟಿಲು ಹತ್ತಿತು, ನೆತ್ತಿಯ ಮೇಲೆ ಮೋಡ ಬಂತು. ಹೊಗೆ ಕಣ್ಣಿಗೆ ಹತ್ತುವ ಹೊತ್ತಿಗೆ ಹೆಂಗಸರಲ್ಲಿ ಒಳಗೆ ಉಳಿದವರು ನಾವಿಬ್ಬರೇ. ಅವಳು ನನ್ನ ಕೈ ಹಿಡಿದು ಎಳೆದಳು.

ಕಾಕಾ ಒಂದೆರಡು ನಿಮಿಷ ತಡವಾಗಿ ಕೆಮ್ಮುತ್ತ ಹೊರಬಂದರು. ಉರಿಯುವ ಫಿಲ್ಮನ್ನು ಕೈಯಿಂದಲೇ ಹರಿದು, ಉಳಿದ ಸುರುಳಿಗಳನ್ನು ಕಬ್ಬಿಣದ ಪೆಟ್ಟಿಗೆಗೆ ತಳ್ಳಿ, ಹಸಿ ಗೋಣಿ ಒಗೆದು ಉರಿ ಆರಿಸಿದ್ದರು. ಹತ್ತಿಗೆ ತಗಲಲಿಲ್ಲ. ಬಲಗೈ ಬೆಂದಿತ್ತು. ಯಾರೋ ಒಂದು ಕೊಡ ನೀರು ತಂದು ಸುರಿದರು. ಹೆಂಗಸರ ಆಟವೆಂದು ಹೊರಗೇ ಉಳಿದಿದ್ದ ಮಾವ ಅವರ ಪಕ್ಕ ಕೂತು ಭುಜ ತಿಕ್ಕುತ್ತಿದ್ದ.

ನಾನು ಅವರ ಮುಂದೆ ಹಸಿ ನೆಲದಲ್ಲೇ ಕೂತೆ. "ನಿಲ್ಲಸಂತ ಒದರಿದಾಕಿ ನಾನ," ಎಂದೆ. "ಗೊತ್ತಿದ್ದೂ ಒದರಿದೆ."

ಕಾಕಾ ತಲೆಯೆತ್ತಿದರು. "ಮುಚ್ಚಳ ಬಿಡಬೇಕಾದಾಂವ ನಾ ಅಲ್ಲೇನು? ಎಲ್ಲಾ ತಪ್ಪ ನೀನ ತಗೊಂಡ್ರ ನನಗೇನ ಉಳೀತು?"

ಮುದುಕಿ ನನ್ನ ಪಕ್ಕ ಕೂತಳು. "ಛಲೋ ಸುಳ್ಳ ಹೇಳ್ತಿ ಬಿಡು," ಎಂದು ಮೆಲ್ಲಗೆ ಅಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಮುಂದ ಏನಾತ ಹೇಳು. ಅರ್ಧಕ್ಕ ಎಬ್ಬಿಸಿ ಕರಕೊಂಡ ಬಂದೀದಿ."

ಹೆಂಗಸರು ಸುತ್ತ ನೆರೆದರು. ನಾನು ಹೇಳಿದೆ. ಸರಪಳಿ ಬಿಚ್ಚಿದವಳು ನೀರು ಹೊರುವ ಹೆಂಗಸೇ. ಘಟಸರ್ಪ ಮೇಲೆ ಹಾರಿತು, ಕುಡಿದ ನೀರನ್ನೆಲ್ಲ ಊರಿನ ಮೇಲೆ ಸುರಿಸಿತು, ಬಾವಿಗಳು ತುಂಬಿದವು.

"ಮತ್ತ ಆ ರಾಜಕುಮಾರ?" ಎಂದಳು ಹೊಸದಾಗಿ ಮದುವೆಯಾದಂತಿದ್ದ ಒಬ್ಬಳು.

"ಅವಂದೇನ ಚಿಂತಿ ನಿನಗ?" ಎಂದು ಮುದುಕಿ ತಿವಿದಳು. ಎಲ್ಲರೂ ನಕ್ಕರು. ಬೆಂದ ಕೈಯನ್ನು ಎದೆಗೆ ಹಿಡಿದುಕೊಂಡು ಕಾಕಾ ಕೂಡ ನಕ್ಕರು.

ಕೊನೆಯ ಸುರುಳಿ ಬೂದಿಯಾಗಿತ್ತು. ಅಂಥದ್ದು ಇನ್ನೊಂದು ಎಲ್ಲಿಯೂ ಸಿಗಲಿಲ್ಲ. ಒಂದು ತಿಂಗಳ ನಂತರ ಮತ್ತೆ ಆಟ ಶುರುವಾದಾಗ, ಗೋದಾಮು ಬೇಡ, ಬಯಲಲ್ಲಿ ಎಲ್ಲ ಕಡೆಯಿಂದಲೂ ತೆರೆಯುವ ಡೇರೆ ಹಾಕಬೇಕೆಂದು ನಾನು ಹಟ ಹಿಡಿದೆ. ಮಾವ ಒಪ್ಪಿದ. ಉಳಿದ ಸುರುಳಿಗಳು ಮುಗಿದು ಪರದೆ ಬಿಳಿಯಾದಾಗ ಕಾಕಾ ಮೊದಲು ಮುಚ್ಚಳ ಬಿಟ್ಟು, ಆಮೇಲೆ ಕೈ ನಿಲ್ಲಿಸಿ, ನನ್ನತ್ತ ತಲೆಯಾಡಿಸುತ್ತಿದ್ದರು. ಡೇರೆಯ ಸುತ್ತಲಿನ ಪರದೆಗಳನ್ನು ಮೇಲಕ್ಕೆ ಕಟ್ಟುತ್ತಿದ್ದರು, ಬಿಸಿಲು ಒಳಗೆ ಬರುತ್ತಿತ್ತು. ಆ ಬೆಳಕಿನಲ್ಲಿ ಹೆಂಗಸರ ಮುಖ ನೋಡುತ್ತ, ಉಳಿದ ಕಥೆಯನ್ನು ನಾನು ಹೇಳುತ್ತಿದ್ದೆ.