ಪ್ಲೇಟಿನೊಳಗಿನ ತಾತ

ನಮ್ಮ ತಾತ ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದ. ರಾವಂದೂರಿನ ಮನೆಯಲ್ಲಿ ಆ ಕಂಪನಿಯ ಹಾಡಿನ ಗ್ರಾಮಫೋನು ಪ್ಲೇಟೊಂದಿತ್ತು. "ಕೊನೇಲಿ ಒಬ್ನೇ ರಾಗ ಎಳೀತಾನಲ್ಲ, ಅದು ನಾನೇ ಕಣ್ಲಾ" ಅನ್ನೋನು ತಾತ. ಮೇಷ್ಟರಿಂದ ಹಿಡಿದು ಎಮ್ಮೆಯವರೆಗೆ ಎಲ್ಲರನ್ನೂ ಅಣಕಿಸುತ್ತಿದ್ದ ನಾನು ಆ ಮೂಗಿನ ದನಿಯನ್ನೂ ಕಲಿತು, ಸಿಕ್ಕವರಿಗೆಲ್ಲ ತಾತನ ದನಿ ಅಂತ ಕೇಳಿಸುತ್ತಿದ್ದೆ. ನನ್ನ ಸ್ವಂತ ದನಿಯೋ, ಹರಿದ ತಮಟೆ.

ನಾನು ಹೈಸ್ಕೂಲಿನಲ್ಲಿದ್ದಾಗ ಕೆ.ಆರ್. ನಗರದಿಂದ ತಾತನ ಕಂಪನಿಯ ಹಳೇ ಗೆಳೆಯರೊಬ್ಬರು ಬಂದರು. ನಾನು ಕಾಡಿದ್ದಕ್ಕೆ ಅದೇ ಹಾಡಿನ ಒಂದು ಸಾಲು ಹೇಳಿದರು. ಹಲ್ಲು ಉದುರಿದ್ದರೂ ಅದೇ ಮೂಗು, ಅದೇ ಎಳೆತ. ಬೇರೆಯವರಿಗೆ ಗೊತ್ತಾಗದಿರಬಹುದು, ಅಣಕಿಸಿ ಅಣಕಿಸಿ ಪಳಗಿದ ನನ್ನ ಕಿವಿಗೆ ಪ್ಲೇಟಿನ ದನಿ ಇವರದೇ ಅಂತ ಗೊತ್ತಾಗಿಹೋಯಿತು.

ಅವರು ಹೊರಟ ಮೇಲೆ ತಾತನನ್ನು ಹಿಡಿದೆ. "ಮತ್ತೆ ನೀನೆಲ್ಲಿದ್ದೆ?"

"ಪ್ಲೇಟಿಗೆ ಹಾಡೋ ದಿನ ಕೆಮ್ಮು ಬಂದ್ಬುಡ್ತು ಕಣ್ಲಾ. ಆಗೆಲ್ಲ ಒಬ್ಬ ಕೆಮ್ಮಿದ್ರೆ ಇಡೀ ಪ್ಲೇಟೇ ಕೆಟ್ಟೋಗೋದು. ನನ್ನನ್ನ ಬಾಗಿಲಾಚೆ ನಿಲ್ಲಿಸ್ಬುಟ್ರು."

ಊರನ್ನೆಲ್ಲ ಯಾಮಾರಿಸುತ್ತಿದ್ದ ನನ್ನನ್ನು ಇಷ್ಟು ವರ್ಷ ಮನೆಯಲ್ಲೇ ಯಾಮಾರಿಸಿದ್ದ. ನಾನು ಬಾಯಿತುಂಬ ತಾತ, ತಾತ ಅಂತ ಯಾರನ್ನೋ ಮೆರೆಸಿದ್ದೆ.

ಮುಂದಿನ ಸಲ ನೆಂಟರು, "ಎಲ್ಲಿ, ತಾತನ ದನಿ ಮಾಡ್ಲಾ" ಅಂದರು. ತಾತ ಎದುರಿಗೇ ಕೂತಿದ್ದ. ನಾನು ನೆಟ್ಟಗೆ ನಿಂತು ಬರೀ ಕೆಮ್ಮಿದೆ. ನೆಂಟರು ಏನೂ ತಿಳಿಯದೆ ನಕ್ಕರು. ತಾತ ಎದ್ದು ಹಿತ್ತಿಲಿಗೆ ಹೋದ.